ಪಾಸ್‌ಪೋರ್ಟು: ಹೊಸದೆ, ನವೀಕರಣವೆ?

ನಮ್ಮ ಬೀದಿಯ ತುದಿಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಮನೆಯಲ್ಲಿ ಅವರು, ಅವರ ಪತ್ನಿ, ಇಬ್ಬರೇ. ಮಗಳು ಅಳಿಯನೊಡನೆ ಸಿಂಗಪುರದಲ್ಲಿದ್ದಾಳೆ. ಹೋದ ವರ್ಷ ಅವಳಿಗೆ ಚೊಚ್ಚಲ ಹೆರಿಗೆ. "ಬಾಣಂತನಕ್ಕೆ ಅಮ್ಮ ಬರಲೇಬೇಕು, ಅಪ್ಪನೂ ಜೊತೆಗೆ ಬರಲಿ" ಎಂದು ಮಗಳು ಫೋನಿನಲ್ಲಿ ಹೇಳಿದಳು. ದಂಪತಿಗಳಿಗೆ ಹಿಡಿಸಲಾರದ ಸಂತೋಷ. ಅಂಟಿನುಂಡೆಗೆ ಬೇಕಾದ ಸಾಮಾನು ಮನೆಗೆ ಬಂತು. ವಿಮಾನದ ಟಿಕೆಟ್ಟನ್ನೂ ಕೊಂಡದ್ದಾಯಿತು. ಆಮೇಲೆ ವೀಸಾದ ಮಾತು ಬಂದಾಗ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಜೋಪಾನವಾಗಿದ್ದ ಪಾಸ್‌ಪೋರ್ಟನ್ನು ಮೇಷ್ಟ್ರು ಹೊರಕ್ಕೆ ತೆಗೆದು ನೋಡಿದರು. ಅದರ ಅವಧಿ ಮುಗಿಯಲು ಇನ್ನು ನಾಲ್ಕೇ ತಿಂಗಳು ಉಳಿದಿತ್ತು. ಸಿಂಗಪುರವು ಒಳಗೆ ಬರುವವರ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿಯನ್ನು ಕೇಳುತ್ತದೆ.

"ನನ್ನದು ನವೀಕರಣ, ನಿನ್ನದು ಹೊಸದು" ಎಂದು ಮೇಷ್ಟ್ರು ಪತ್ನಿಗೆ ತೀರ್ಪು ಕೊಟ್ಟರು. ಆಕೆ ಇಪ್ಪತ್ತೈದು ವರ್ಷದ ಹಿಂದೆ ಒಮ್ಮೆ ತಮ್ಮನ ಮನೆಗೆಂದು ದುಬೈಗೆ ಹೋಗಿ ಬಂದಿದ್ದರು. ಆ ಪಾಸ್‌ಪೋರ್ಟಿನ ಅವಧಿ ಎಂದೋ ಮುಗಿದಿತ್ತು. ಪುಸ್ತಕ ಎಲ್ಲಿದೆಯೆಂಬುದೂ ನೆನಪಿರಲಿಲ್ಲ. ಸತ್ತುಹೋದ ಪಾಸ್‌ಪೋರ್ಟು ಇದ್ದರೇನು, ಇಲ್ಲದಿದ್ದರೇನು ಎಂದುಕೊಂಡು, ಪೇಟೆಯ ಅಂಗಡಿಯೊಂದರಲ್ಲಿ ಹುಡುಗನ ಕೈಯಿಂದ 'ಹೊಸದು' ಎಂದು ಅರ್ಜಿ ತುಂಬಿಸಿದರು. ಸೇವಾ ಕೇಂದ್ರದಲ್ಲಿ ಅಧಿಕಾರಿ ಸಹಜವಾಗಿ, "ಅಮ್ಮಾ, ತಾವು ಹಿಂದೆ ಎಂದಾದರೂ ಹೊರದೇಶಕ್ಕೆ ಹೋಗಿದ್ದಿರಾ?" ಎಂದು ಕೇಳಿದರು. ಆಕೆಯೂ ಅಷ್ಟೇ ಸಹಜವಾಗಿ, "ಹೋಗಿದ್ದೆನಲ್ಲಪ್ಪ, ತಮ್ಮನ ಮನೆಗೆ" ಎಂದರು. ಅಲ್ಲಿಗೆ ಕಾಗದ ನಿಂತಿತು.

ಈ ಗೊಂದಲ ಅವರೊಬ್ಬರದೇ ಅಲ್ಲ. ಓದು, ಉದ್ಯೋಗ, ಬಾಣಂತನ, ಯಾತ್ರೆ ಎಂದು ನಮ್ಮ ಊರುಗಳ ಸಾಧಾರಣ ಮನೆಗಳಿಂದಲೂ ಜನ ಹೊರದೇಶಗಳಿಗೆ ಹೋಗಿಬರುತ್ತಿರುವ ಕಾಲವಿದು. ಆದಕಾರಣ ಹೊಸ ಪಾಸ್‌ಪೋರ್ಟು ಯಾವುದು, ನವೀಕರಣ ಯಾವುದು, ಯಾರಿಗೆ ಯಾವುದು ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಶಬ್ದದ ಮಾತು. ನವೀಕರಣವೆಂದರೆ ಇದ್ದ ವಸ್ತುವನ್ನೇ ಹೊಸತಾಗಿಸುವುದು. ಹಿಂದೆ ಪಾಸ್‌ಪೋರ್ಟಿಗೆ ಈ ಮಾತು ಸರಿಯಾಗಿ ಒಪ್ಪುತ್ತಿತ್ತು. ಅವಧಿ ಮುಗಿಯುತ್ತ ಬಂದಾಗ ಕಚೇರಿಗೆ ಪುಸ್ತಕವನ್ನು ಒಯ್ದರೆ, ಅದರ ಹಾಳೆಯ ಮೇಲೆ ಇನ್ನಿಷ್ಟು ವರ್ಷ ವಿಸ್ತರಿಸಿದೆ ಎಂದು ಬರೆದು ಮೊಹರು ಒತ್ತಿ, ಅದೇ ಪುಸ್ತಕವನ್ನು ಹಿಂದಕ್ಕೆ ಕೊಡುವ ಪದ್ಧತಿಯಿತ್ತು. ಈಗ ಆ ಪದ್ಧತಿಯಿಲ್ಲ. ಇಂದು ಯಂತ್ರವೇ ಓದಬಲ್ಲ ಎರಡು ಸಾಲಿನ ಬರಹ ಪ್ರತಿ ಪಾಸ್‌ಪೋರ್ಟಿನಲ್ಲೂ ಅಚ್ಚಾಗಿರುತ್ತದೆ. ಅವಧಿ ಮುಗಿಯುವ ತಾರೀಖು ಅದರೊಳಗೇ ಸೇರಿರುತ್ತದೆ. ಕೈಬರಹದಿಂದ ಅದನ್ನು ತಿದ್ದುವಂತಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಯಂತ್ರ ಓದಲಾರದ ಪಾಸ್‌ಪೋರ್ಟುಗಳ ಬಳಕೆ ನಿಲ್ಲಲು 2015ರ ನವೆಂಬರ್ 24ನ್ನು ಕೊನೆಯ ದಿನವೆಂದು ಗೊತ್ತುಮಾಡಿತ್ತು. ಕೈಬರಹದ ಹಳೆಯ ಪುಸ್ತಕಗಳ ಕಾಲ ಅಲ್ಲಿಗೆ ಮುಗಿಯಿತು.

ಆದ್ದರಿಂದ ನಾವು ನವೀಕರಣವೆಂದು ಕರೆಯುವುದಕ್ಕೆ ಕಚೇರಿಯ ಭಾಷೆಯಲ್ಲಿ 'ಮರುವಿತರಣೆ' ಎಂದು ಹೆಸರು. ಅದರಲ್ಲಿಯೂ ಕೈಗೆ ಬರುವುದು ಹೊಸ ಪುಸ್ತಕವೇ. ಅದರ ಮೇಲಿರುವುದು ಹೊಸ ಸಂಖ್ಯೆಯೇ. ಅವಧಿಯೂ ಹೊಸದಾಗಿ ಎಣಿಕೆಯಾಗುತ್ತದೆ. ಹಾಗಾದರೆ ಹೊಸದಕ್ಕೂ ಮರುವಿತರಣೆಗೂ ವ್ಯತ್ಯಾಸವೇನು? ವ್ಯತ್ಯಾಸ ಪುಸ್ತಕದಲ್ಲಿಲ್ಲ, ಅರ್ಜಿದಾರನ ಪೂರ್ವಚರಿತ್ರೆಯಲ್ಲಿದೆ. ಅದನ್ನು ತಿಳಿಯಲು ಒಂದೇ ಪ್ರಶ್ನೆ ಸಾಕು: "ನನ್ನ ಹೆಸರಿನಲ್ಲಿ ಭಾರತದ ಪಾಸ್‌ಪೋರ್ಟು ಎಂದಾದರೂ ಇತ್ತೆ?"

ಎಂದೂ ಇರಲಿಲ್ಲವೆಂದರೆ ಅರ್ಜಿ ಹೊಸದು. ಒಮ್ಮೆಯಾದರೂ ಇತ್ತೆಂದರೆ ಅದು ಮರುವಿತರಣೆ. ಪುಸ್ತಕದ ಅವಧಿ ಮುಗಿದು ಮೂವತ್ತು ವರ್ಷವಾಗಿರಲಿ, ಅದು ಕಳೆದುಹೋಗಿರಲಿ, ಮಳೆಯಲ್ಲಿ ನೆನೆದು ಹಾಳಾಗಿರಲಿ, ಪುಟಗಳು ತುಂಬಿರಲಿ, ಹೆಸರು ಬದಲಾಗಿರಲಿ, ಉತ್ತರ ಬದಲಾಗುವುದಿಲ್ಲ. ಬಹುಮಂದಿ ಎಡವುವುದು ಮಕ್ಕಳ ವಿಷಯದಲ್ಲಿ. ಎರಡು ವರ್ಷದ ಕೂಸಾಗಿದ್ದಾಗ ತಂದೆತಾಯಿಗಳು ಮಾಡಿಸಿದ ಪಾಸ್‌ಪೋರ್ಟು ಹುಡುಗನಿಗೆ ನೆನಪಿರುವುದಿಲ್ಲ. ಹದಿನೆಂಟು ತುಂಬಿದ ಮೇಲೆ "ಇದು ನನ್ನ ಮೊದಲನೆಯ ಪಾಸ್‌ಪೋರ್ಟು" ಎಂದು ಹೊಸದಕ್ಕೆ ಅರ್ಜಿ ಹಾಕುತ್ತಾನೆ. ದೊಡ್ಡವನಾಗಿ ಪಡೆಯುವ ಮೊದಲನೆಯದು ಎಂಬುದು ನಿಜ. ಆದರೆ ದಾಖಲೆಯಲ್ಲಿ ಅದು ಎರಡನೆಯದು. ಆದ್ದರಿಂದ ಅದೂ ಮರುವಿತರಣೆಯೇ. ಇದಕ್ಕೆ ವ್ಯತಿರಿಕ್ತವಾಗಿ, ಹಿಂದೊಮ್ಮೆ ಅರ್ಜಿ ಮಾತ್ರ ಹಾಕಿ ಪಾಸ್‌ಪೋರ್ಟು ಬಾರದೇ ಹೋದವರು ಹೊಸದಕ್ಕೇ ಅರ್ಜಿ ಹಾಕಬೇಕು. ಆದರೆ ಆ ಹಳೆಯ ಅರ್ಜಿಯ ವಿಷಯವನ್ನು ಕೇಳಿರುವ ಜಾಗದಲ್ಲಿ ತಿಳಿಸಬೇಕು.

ಒಂದು ಗೆರೆ ತಪ್ಪಾಗಿ ತುಂಬಿದರೆ ಇಷ್ಟೊಂದು ರಗಳೆ ಏಕೆ ಎಂದು ತಾವು ಕೇಳಬಹುದು. ಅದಕ್ಕೆ ಉತ್ತರ ಸ್ವಲ್ಪ ಹಿಂದಿನ ಚರಿತ್ರೆಯಲ್ಲಿದೆ.

ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷದವರೆಗೂ ಭಾರತೀಯನೊಬ್ಬನಿಗೆ ಪಾಸ್‌ಪೋರ್ಟು ಕೊಡುವುದು, ಬಿಡುವುದು ಸರ್ಕಾರದ ಚಿತ್ತಕ್ಕೆ ಸೇರಿದ ವಿಷಯವಾಗಿತ್ತು. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಗೆ ಪಾಸ್‌ಪೋರ್ಟನ್ನು ಹಿಂದಿರುಗಿಸಬೇಕೆಂದು ಅಪ್ಪಣೆಯಾದಾಗ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1967ರ ಏಪ್ರಿಲ್ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಮೂವರ ಬಹುಮತದಿಂದ ತೀರ್ಪಾಯಿತು. ಹೊರದೇಶಕ್ಕೆ ಹೋಗಿಬರುವ ಹಕ್ಕು ಸಂವಿಧಾನದ 21ನೆಯ ಅನುಚ್ಛೇದ ಹೇಳುವ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ. ಕಾನೂನಿನ ಆಧಾರವಿಲ್ಲದೆ ಅದನ್ನು ತಡೆಯುವಂತಿಲ್ಲ ಎಂಬುದು ಅದರ ಸಾರ. ಆ ತನಕ ಅಂಥ ಕಾನೂನೇ ಇರಲಿಲ್ಲವಾದ್ದರಿಂದ, ಅದೇ ವರ್ಷ ಜೂನ್ 24ರಂದು ಪಾಸ್‌ಪೋರ್ಟ್ ಕಾಯಿದೆ ಜಾರಿಗೆ ಬಂತು. ಈಗ ಪ್ರತಿ ವರ್ಷ ಆ ದಿನವನ್ನು ಪಾಸ್‌ಪೋರ್ಟ್ ಸೇವಾ ದಿನವೆಂದು ಆಚರಿಸುತ್ತಾರೆ. ಮುಂದೆ 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ವಶಪಡಿಸಿಕೊಂಡಾಗ ಮೊಕದ್ದಮೆ ನಡೆದು, 1978ರ ಜನವರಿಯಲ್ಲಿ, ಕಾನೂನಿನ ಕ್ರಮವೆಂಬುದು ನ್ಯಾಯವಾಗಿಯೂ ವಿವೇಕಯುತವಾಗಿಯೂ ಇರಬೇಕೆಂದು ಅದೇ ನ್ಯಾಯಾಲಯ ಸಾರಿತು.

ಈ ಕಾಯಿದೆಯ ತಕ್ಕಡಿಗೆ ಎರಡು ತಟ್ಟೆ. ಒಂದು ಕಡೆ, ಪಾಸ್‌ಪೋರ್ಟನ್ನು ನಿರಾಕರಿಸಿದರೆ ಅಧಿಕಾರಿಯು ಕಾರಣವನ್ನು ಬರೆದಿಡಬೇಕು; ಅರ್ಜಿದಾರನಿಗೆ ಮೇಲ್ಮನವಿಯ ಹಕ್ಕೂ ಉಂಟು. ಇನ್ನೊಂದು ಕಡೆ, ಅರ್ಜಿದಾರ ನಿಜವನ್ನೇ ಹೇಳಬೇಕು. ಗೊತ್ತಿದ್ದೂ ಸುಳ್ಳು ಹೇಳಿದರೆ, ಹೇಳಬೇಕಾದ್ದನ್ನು ಮುಚ್ಚಿಟ್ಟರೆ, 12ನೆಯ ಪ್ರಕರಣದ ಮೇರೆಗೆ ಅದು ಅಪರಾಧ. ಆ ಪ್ರಕರಣದಲ್ಲಿ ಎರಡು ವರ್ಷದವರೆಗೆ ಸೆರೆವಾಸವನ್ನು ಹೇಳಿದೆ. ಹಳೆಯ ಪಾಸ್‌ಪೋರ್ಟು ಇದ್ದುದನ್ನು ಹೇಳದೆ ಹೊಸದನ್ನು ಪಡೆದರೆ ಒಬ್ಬನ ಹೆಸರಿನಲ್ಲಿ ಎರಡು ಪುಸ್ತಕಗಳಾಗುತ್ತವೆ. ಕಾಯಿದೆ ತಡೆಯಹೊರಟಿರುವುದು ಇದನ್ನೇ. ಮರೆವಿನಿಂದ ಆದ ತಪ್ಪಿಗೂ ಬೇಕೆಂದೇ ಮಾಡಿದ್ದಕ್ಕೂ ವ್ಯತ್ಯಾಸವಿದೆ, ನಿಜ. ಆದರೆ ಅದು ಮರೆವು ಎಂದು ವಿವರಿಸುತ್ತ ಕೂರುವುದರೊಳಗೆ ವಿಮಾನ ಹೊರಟುಹೋಗಿರುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಪಾಸ್‌ಪೋರ್ಟಿನ ಮೇಲೆ ನಮ್ಮ ಹೆಸರು, ಭಾವಚಿತ್ರ, ಸಹಿ ಇದ್ದರೂ ಪುಸ್ತಕ ನಮ್ಮದಲ್ಲ. ಅದು ಎಂದೆಂದಿಗೂ ಕೇಂದ್ರ ಸರ್ಕಾರದ ಸ್ವತ್ತು ಎಂದು ಕಾಯಿದೆಯ 17ನೆಯ ಪ್ರಕರಣ ಹೇಳುತ್ತದೆ. ಸಾಲಕ್ಕೆ ಒತ್ತೆಯಾಗಿ ಇಡುವುದಕ್ಕಾಗಲಿ, ಬೇಡವೆಂದು ಒಲೆಗೆ ಹಾಕುವುದಕ್ಕಾಗಲಿ ಅದು ನಮ್ಮ ವಸ್ತುವಲ್ಲ. ಅವಧಿ ಮುಗಿದರೂ ಜೋಪಾನ ಮಾಡಬೇಕು.

ಈಗ ಹೊಸ ಅರ್ಜಿಯ ವಿವರಕ್ಕೆ ಬರೋಣ. ಇದಕ್ಕೆ ಮುಖ್ಯವಾಗಿ ವಾಸಸ್ಥಳದ ದಾಖಲೆ, ಜನ್ಮದಿನಾಂಕದ ದಾಖಲೆ, ಓದಿನ ದಾಖಲೆ ಬೇಕು. ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡು ಕೊನೆಯ ಎರಡಕ್ಕೂ ಒದಗಿಬರುವುದುಂಟು. ಆದರೆ 2023ರ ಅಕ್ಟೋಬರ್ 1ರಂದು ಅಥವಾ ಅದರ ಅನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ದಾಖಲೆ ಎಂದು 2025ರ ಫೆಬ್ರವರಿಯಲ್ಲಿ ನಿಯಮವಾಗಿದೆ. ಆದ್ದರಿಂದ ಈಚೆಗೆ ಮಗು ಹುಟ್ಟಿದ ಮನೆಯವರು ಜನನ ನೋಂದಣಿಯನ್ನು ಸಕಾಲದಲ್ಲಿ ಮಾಡಿಸಿ, ಅದರಲ್ಲಿ ಮಗುವಿನ ಹೆಸರನ್ನೂ ಸೇರಿಸಿಟ್ಟುಕೊಳ್ಳುವುದು ಲೇಸು.

ಓದಿನ ದಾಖಲೆಯನ್ನು ಏಕೆ ಕೇಳುತ್ತಾರೆ? 1983ರ ವಲಸೆ ಕಾಯಿದೆಯ ಮೇರೆಗೆ, ಹೆಚ್ಚು ಓದಿಲ್ಲದ ಕೆಲಸಗಾರರು ಪರದೇಶದಲ್ಲಿ ಮೋಸಹೋಗದಿರಲೆಂದು, ಅಂಥವರು ಸೌದಿ ಅರೇಬಿಯ, ಕುವೈತ್, ಕತಾರ್, ಒಮಾನ್ ಮೊದಲಾದ ಕೆಲವು ದೇಶಗಳಿಗೆ ಉದ್ಯೋಗಕ್ಕೆ ಹೋಗುವ ಮುನ್ನ ವಲಸೆ ತಪಾಸಣೆ ಆಗಬೇಕೆಂಬ ಏರ್ಪಾಡು ಬಂತು. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಈ ತಪಾಸಣೆಯಿಲ್ಲ. ಓದಿನ ದಾಖಲೆ ಕೊಡದೆ ಪಾಸ್‌ಪೋರ್ಟು ಪಡೆದು, ಆ ಮೇಲೆ ಗಲ್ಫ್ ದೇಶದಲ್ಲಿ ಕೆಲಸ ಸಿಕ್ಕಾಗ ಪರದಾಡಿದವರು ನಮ್ಮ ಕರಾವಳಿಯ ಊರುಗಳಲ್ಲಿ ಇಲ್ಲದಿಲ್ಲ. ಹಾಗೆ ತಪಾಸಣೆಯ ಗುರುತು ಬಿದ್ದಿದ್ದರೆ, ಅದನ್ನು ತೆಗೆಸುವುದಕ್ಕೂ ಮರುವಿತರಣೆಯೇ ದಾರಿ.

ಹೊಸ ಅರ್ಜಿಯಲ್ಲಿ ಸಾಮಾನ್ಯವಾಗಿ ಪೊಲೀಸ್ ವಿಚಾರಣೆ ಇರುತ್ತದೆ. ಅರ್ಜಿಯಲ್ಲಿ ಬರೆದ ವಿಳಾಸಕ್ಕೆ ಸಂಬಂಧಪಟ್ಟ ಠಾಣೆಯವರು ಅರ್ಜಿದಾರನ ವಾಸವನ್ನೂ ನಡತೆಯನ್ನೂ ವಿಚಾರಿಸಿ ವರದಿ ಕಳುಹಿಸುತ್ತಾರೆ. ಆಗ ಮನೆಯಲ್ಲಿಲ್ಲದೆ ವರದಿ ಪ್ರತಿಕೂಲವಾಗಿ ಹೋಗುವುದೇ ವಿಳಂಬಕ್ಕೆ ಒಂದು ಕಾರಣ. ಈಗಿರುವ ಮನೆಯ ವಿಳಾಸವನ್ನೇ ಬರೆಯಬೇಕು. ಊರಿನ ಪೂರ್ವಿಕರ ಮನೆಯ ಮೇಲಿನ ಅಭಿಮಾನಕ್ಕೆ ಇದು ಸ್ಥಳವಲ್ಲ.

ಮರುವಿತರಣೆಯಲ್ಲಿ ಕೆಲಸ ಹಗುರ. ಹಳೆಯ ಪಾಸ್‌ಪೋರ್ಟೇ ಮುಖ್ಯ ದಾಖಲೆ. ಅದರ ಮೂಲಪ್ರತಿ, ಮೊದಲಿನ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್ ಪ್ರತಿ, ಒಳಗೆ ಏನಾದರೂ ಷರಾ ಬರೆದಿದ್ದರೆ ಆ ಪುಟದ ಪ್ರತಿ, ಇವನ್ನು ಒಯ್ಯಬೇಕು. ವಿವರಗಳಲ್ಲಿ ಬದಲಾವಣೆಯಿಲ್ಲದಿದ್ದರೆ ಎಷ್ಟೋ ವೇಳೆ ಪೊಲೀಸ್ ವಿಚಾರಣೆಯ ಅಗತ್ಯವೇ ಬೀಳುವುದಿಲ್ಲ. ಅದನ್ನು ನಿರ್ಧರಿಸುವವರು ಪಾಸ್‌ಪೋರ್ಟ್ ಅಧಿಕಾರಿಗಳು. ಮರುವಿತರಣೆ ಏತಕ್ಕೆ ಎಂಬ ಕಾರಣವನ್ನು ಅರ್ಜಿ ಕೇಳುತ್ತದೆ. ಅವಧಿ ಮುಗಿಯಲಿದೆ ಅಥವಾ ಮುಗಿದು ಮೂರು ವರ್ಷದೊಳಗಾಗಿದೆ ಎಂಬುದು ಒಂದು. ಮುಗಿದು ಮೂರು ವರ್ಷ ಮೀರಿದೆ ಎಂಬುದು ಇನ್ನೊಂದು. ಪುಟಗಳು ತುಂಬಿದ್ದು, ಪುಸ್ತಕ ಕೆಟ್ಟದ್ದು, ಕಳೆದದ್ದು, ವಿವರಗಳು ಬದಲಾದದ್ದು, ಇವು ಉಳಿದ ಕಾರಣಗಳು. ನಮ್ಮ ಮೇಷ್ಟ್ರ ಪತ್ನಿಯವರು ಆರಿಸಬೇಕಾಗಿದ್ದದ್ದು ಮೂರು ವರ್ಷ ಮೀರಿದ ಕಾರಣವನ್ನು.

ಯಾವಾಗ ಅರ್ಜಿ ಹಾಕಬೇಕು? ಅವಧಿ ಮುಗಿಯುವ ಒಂದು ವರ್ಷ ಮೊದಲೇ ಹಾಕಬಹುದು. ಉಳಿದ ತಿಂಗಳುಗಳು ವ್ಯರ್ಥವಾಗುತ್ತವಲ್ಲ ಎಂದು ಕೆಲವರು ಕೊನೆಯ ದಿನದವರೆಗೂ ಕಾಯುತ್ತಾರೆ. ಇದು ಸಲ್ಲದ ಮಿತವ್ಯಯ. ಅನೇಕ ದೇಶಗಳು ಆರು ತಿಂಗಳ ಉಳಿದ ಅವಧಿಯನ್ನು ಕೇಳುವುದರಿಂದ, ಅಂಥ ಕಡೆಗೆ ಹೋಗುವವರಿಗೆ ಹತ್ತು ವರ್ಷದ ಪಾಸ್‌ಪೋರ್ಟು ಒಂಬತ್ತೂವರೆ ವರ್ಷದ್ದೇ ಸರಿ. ಹಳೆಯದರಲ್ಲಿ ಉಳಿದ ದಿನಗಳು ಹೊಸದಕ್ಕೆ ಕೂಡಿಬರುವುದಿಲ್ಲ. ಆದರೆ ಆ ನಷ್ಟ ವಿಮಾನದ ಟಿಕೆಟ್ಟಿನ ನಷ್ಟಕ್ಕಿಂತ ಬಹಳ ಕಡಮೆ.

ಹಳೆಯ ಪುಸ್ತಕದಲ್ಲಿ ವೀಸಾ ಇದ್ದರೆ ಗತಿಯೇನು ಎಂಬ ಅಂಜಿಕೆ ಬಹುಮಂದಿಗೆ ಇದೆ. ಹಳೆಯ ಪಾಸ್‌ಪೋರ್ಟನ್ನು ರದ್ದುಮಾಡಿದ ಗುರುತು ಹಾಕಿ ಹಿಂದಕ್ಕೆ ಕೊಡುತ್ತಾರೆ. ಅದರೊಳಗಿನ ವೀಸಾಕ್ಕೆ ಅವಧಿ ಇದ್ದರೆ, ಅಮೆರಿಕದಂಥ ದೇಶಗಳು ಹಳೆಯದು, ಹೊಸದು ಎರಡನ್ನೂ ಜೊತೆಗೆ ತೋರಿಸಿದಾಗ ಅದನ್ನು ಮನ್ನಿಸುತ್ತವೆ. ಎಲ್ಲ ದೇಶಗಳ ನಿಯಮವೂ ಒಂದೇ ಅಲ್ಲವಾದ್ದರಿಂದ, ಹೊರಡುವ ಮುನ್ನ ಆಯಾ ದೇಶದ ದೂತಾವಾಸದ ಸೂಚನೆಯನ್ನು ನೋಡಿಕೊಳ್ಳಬೇಕು.

ವಿವರಗಳ ಬದಲಾವಣೆಯಲ್ಲಿ ನಾವು ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಹೆಸರಿನ ವಿಷಯ. ನಮ್ಮಲ್ಲಿ ಹೆಸರಿನ ಹಿಂದೆ ಒಂದೆರಡು ಅಕ್ಷರಗಳಿರುತ್ತವೆ: ಒಂದು ಊರಿನದು, ಒಂದು ತಂದೆಯದು. ಊರಿನಲ್ಲಿ ಇದು ಚೆನ್ನ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳನ್ನು ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಅರ್ಜಿಯಲ್ಲಿ ಹೆಸರಿಗೊಂದು ಮನೆ, ಕುಲನಾಮಕ್ಕೊಂದು ಮನೆ ಇರುತ್ತದೆ. "ನಮಗೆ ಕುಲನಾಮವಿಲ್ಲ" ಎಂದು ಎರಡನೆಯ ಮನೆಯನ್ನು ಖಾಲಿ ಬಿಟ್ಟವರು ಪರದೇಶದಲ್ಲಿ ಪೇಚಿಗೆ ಸಿಕ್ಕಿದ್ದುಂಟು. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಾರಿತು; ಬಳಿಕ, ತಂದೆಯ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿದ್ದರೆ ಸಾಕೆಂದು ಅದನ್ನು ಸಡಿಲಿಸಿತು. ಮಕ್ಕಳ ಹೆಸರನ್ನು ಮೊದಲ ಸಲ ಬರೆಸುವಾಗಲೇ ಯೋಚಿಸಿ ಎರಡು ಭಾಗ ಮಾಡುವುದು, ಶಾಲೆಯ ದಾಖಲೆಯಲ್ಲೂ ಅದೇ ರೀತಿ ಇರುವಂತೆ ನೋಡಿಕೊಳ್ಳುವುದು ಜಾಣತನ.

ಮದುವೆಯಾದ ಹೆಣ್ಣುಮಗಳು ಹೆಸರು ಬದಲಿಸಲೇಬೇಕೆಂಬ ನಿಯಮ ಪಾಸ್‌ಪೋರ್ಟಿಗಿಲ್ಲ. ತಂದೆ ಇಟ್ಟ ಹೆಸರಿನಲ್ಲೇ ಜೀವಮಾನವೆಲ್ಲ ಪ್ರಯಾಣ ಮಾಡಬಹುದು. ಬದಲಿಸುವುದಾದರೆ ವಿವಾಹ ನೋಂದಣಿ ಪತ್ರದಂಥ ದಾಖಲೆ ಬೇಕು, ಮತ್ತು ಅದು ಮರುವಿತರಣೆಯಾಗುತ್ತದೆ. ವಿಳಾಸ, ಸಹಿ, ಮುಖಚಹರೆ ಬದಲಾದರೂ ಹೀಗೆಯೇ. ಜನ್ಮದಿನಾಂಕದ ತಿದ್ದುಪಡಿಯೊಂದು ಮಾತ್ರ ತೊಡಕಿನದು. ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ತಾರೀಖು ಒಂದು, ಜಾತಕದ್ದು ಇನ್ನೊಂದು, ಜನನ ಪತ್ರದ್ದು ಮತ್ತೊಂದು ಆಗಿದ್ದರೆ, ಅರ್ಜಿ ಹಾಕುವ ಮುಂಚೆಯೇ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳಬೇಕು.

ಪಾಸ್‌ಪೋರ್ಟು ಕಳೆದುಹೋದರೆ ಮೊದಲ ಕೆಲಸ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯುವುದು. ಆಮೇಲೆ ಕಳೆದ ಬಗೆಯನ್ನು ತಿಳಿಸುವ ಪ್ರಮಾಣಪತ್ರದೊಡನೆ ಮರುವಿತರಣೆಯ ಅರ್ಜಿ. ದೂರು ಕೊಟ್ಟ ಮೇಲೆ ಹಳೆಯ ಪುಸ್ತಕ ಸಿಕ್ಕಿದರೂ ಅದರಲ್ಲಿ ಪ್ರಯಾಣ ಮಾಡತಕ್ಕದ್ದಲ್ಲ, ಅದು ರದ್ದಾಗಿರುತ್ತದೆ. ಪರದೇಶದಲ್ಲಿ ಕಳೆದರೆ ಅಲ್ಲಿನ ಭಾರತೀಯ ದೂತಾವಾಸಕ್ಕೆ ಹೋಗಬೇಕು. ಊರಿಗೆ ಹಿಂದಿರುಗುವ ಒಂದು ಪ್ರಯಾಣಕ್ಕಷ್ಟೇ ಸಲ್ಲುವ ತುರ್ತು ಪ್ರಮಾಣಪತ್ರವನ್ನು ಅವರು ಕೊಡಬಲ್ಲರು. ಪಾಸ್‌ಪೋರ್ಟಿನ ಸಂಖ್ಯೆ, ಕೊಟ್ಟ ತಾರೀಖು, ಕೊಟ್ಟ ಸ್ಥಳ ಇವನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಇಂಥ ವೇಳೆಯಲ್ಲಿ ಅರ್ಧ ಕಷ್ಟ ಪರಿಹಾರ.

ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದು ವರ್ಷ, ಅಥವಾ ಹದಿನೆಂಟು ತುಂಬುವವರೆಗೆ. ಇವೆರಡರಲ್ಲಿ ಯಾವುದು ಮೊದಲೋ ಅದು. ಹದಿನೈದು ದಾಟಿದವರು ಹತ್ತು ವರ್ಷದ್ದನ್ನೂ ಕೇಳಬಹುದು. ದೊಡ್ಡವರದು ಇನ್ನೂ ಹಲವು ವರ್ಷ ಇದೆಯೆಂದು ನೆಮ್ಮದಿಯಿಂದಿದ್ದು, ಮಗುವಿನದು ಮುಗಿದಿರುವುದನ್ನು ಹೊರಡುವ ವಾರದಲ್ಲಿ ಕಂಡುಕೊಳ್ಳುವ ಸಂಸಾರಗಳು ಎಷ್ಟೋ!

ಪರದೇಶದಲ್ಲಿ ನೆಲಸಿದ ನಮ್ಮವರು ಆಯಾ ದೇಶದ ಭಾರತೀಯ ದೂತಾವಾಸದ ಮೂಲಕ ಮರುವಿತರಣೆ ಪಡೆಯಬಹುದು. ಆದರೆ ಬೇರೆ ದೇಶದ ಪೌರತ್ವವನ್ನು ಸ್ವೀಕರಿಸಿದವರಿಗೆ ಹೊಸದೂ ಇಲ್ಲ, ಮರುವಿತರಣೆಯೂ ಇಲ್ಲ. 1955ರ ಪೌರತ್ವ ಕಾಯಿದೆಯ ಮೇರೆಗೆ ಅಂಥವರ ಭಾರತೀಯ ಪೌರತ್ವ ಅಲ್ಲಿಗೆ ಮುಗಿಯುತ್ತದೆ. ಅವರು ತಮ್ಮಲ್ಲಿರುವ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪತ್ರ ಪಡೆಯಬೇಕು. ಅವಧಿ ಇನ್ನೂ ಇದೆಯೆಂದು ಅದನ್ನೇ ಹಿಡಿದು ಊರಿಗೆ ಬರುವುದು ತಪ್ಪು.

ಇನ್ನು ಅರ್ಜಿ ಹಾಕುವ ಕ್ರಮ. ಹೊಸದಾಗಲಿ ಮರುವಿತರಣೆಯಾಗಲಿ ಕ್ರಮ ಒಂದೇ. ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್ ಎಂಬುದು ಸರ್ಕಾರದ ಜಾಲತಾಣ. ಇದೇ ಹೋಲಿಕೆಯ ಹೆಸರಿಟ್ಟುಕೊಂಡು ಹೆಚ್ಚಿಗೆ ಹಣ ಕೀಳುವ ನಕಲಿ ತಾಣಗಳಿವೆಯೆಂದು ಸರ್ಕಾರವೇ ಎಚ್ಚರಿಸಿದೆ. ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೆ ಎಂದು ನೋಡಿಕೊಳ್ಳಬೇಕು. ಅಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಂಡು, ಮೂಲ ದಾಖಲೆಗಳೊಡನೆ ಖುದ್ದಾಗಿ ಹೋಗಬೇಕು. ದೇಶದ ಯಾವ ಭಾಗದಲ್ಲಿದ್ದರೂ ಅನುಕೂಲವಾದ ಕಚೇರಿಯನ್ನು ಆರಿಸಬಹುದೆಂದು 2018ರಲ್ಲಿ ಸಡಿಲಿಕೆಯಾಗಿದೆ. ಸೇವಾ ಕೇಂದ್ರದಲ್ಲಿ ಟೋಕನ್ ಕೊಡುತ್ತಾರೆ. ಮೊದಲನೆಯ ಹಂತದಲ್ಲಿ ಭಾವಚಿತ್ರ, ಬೆರಳಚ್ಚು. ಎರಡನೆಯದರಲ್ಲಿ ದಾಖಲೆಗಳ ಪರಿಶೀಲನೆ. ಮೂರನೆಯದರಲ್ಲಿ ಮಂಜೂರಾತಿಯ ನಿರ್ಧಾರ. ನಾಲ್ಕು ವರ್ಷದೊಳಗಿನ ಕೂಸಿಗೆ ಮಾತ್ರ ಭಾವಚಿತ್ರವನ್ನು ನಾವೇ ಒಯ್ಯಬೇಕು. ಮಂಜೂರಾದ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಮನೆಗೆ ಬರುತ್ತದೆ.

ಈ ಏರ್ಪಾಡಿನ ಚರಿತ್ರೆಯಲ್ಲಿ ನಮ್ಮ ರಾಜ್ಯಕ್ಕೆ ಎರಡು ಬಾರಿ ಅಗ್ರಸ್ಥಾನ ದೊರೆತಿದೆ. ಸೇವಾ ಕೇಂದ್ರಗಳ ಪ್ರಯೋಗ 2010ರಲ್ಲಿ ಮೊದಲಾದಾಗ ಬೆಂಗಳೂರು ಅದರಲ್ಲಿ ಸೇರಿತ್ತು; ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮವರೇ ಆದ ಎಸ್. ಎಂ. ಕೃಷ್ಣ ಅವರು. ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವೆ ಒದಗಿಸುವ ಪ್ರಯೋಗ 2017ರ ಜನವರಿ 25ರಂದು ಆರಂಭವಾದದ್ದು ಗುಜರಾತಿನ ದಾಹೋದ್‌ನಲ್ಲಿ ಮತ್ತು ನಮ್ಮ ಮೈಸೂರಿನಲ್ಲಿ. ಆ ಬಳಿಕ ಅದು ದೇಶದ ಸಣ್ಣ ಪಟ್ಟಣಗಳಿಗೂ ಹರಡಿತು.

ಶುಲ್ಕದ ಮಾತು. 2012ರ ಪರಿಷ್ಕರಣೆಯಲ್ಲಿ, 36 ಪುಟದ ಹತ್ತು ವರ್ಷದ ಪುಸ್ತಕಕ್ಕೆ 1500 ರೂಪಾಯಿ, 60 ಪುಟದ್ದಕ್ಕೆ 2000 ರೂಪಾಯಿ, ಅಪ್ರಾಪ್ತ ವಯಸ್ಕರಿಗೆ 1000 ರೂಪಾಯಿ ಎಂದು ಗೊತ್ತಾಯಿತು. ತತ್ಕಾಲದಲ್ಲಿ ಬೇಕಾದರೆ ಮೇಲೆ 2000. ಕಳೆದ ಅಥವಾ ಕೆಟ್ಟ ಪುಸ್ತಕಕ್ಕೆ ಬದಲಿಯಾಗಿ 36 ಪುಟದ್ದಕ್ಕೆ 3000. 8 ವರ್ಷದೊಳಗಿನವರಿಗೂ 60 ದಾಟಿದವರಿಗೂ ಹೊಸ ಅರ್ಜಿಯಲ್ಲಿ ಶೇಕಡ 10ರಷ್ಟು ರಿಯಾಯಿತಿ 2017ರಲ್ಲಿ ಬಂತು. ಅರ್ಜಿ ಹಾಕುವ ದಿನದ ದರವನ್ನು ಜಾಲತಾಣದಲ್ಲಿಯೇ ನೋಡಿಕೊಳ್ಳುವುದು ಒಳ್ಳೆಯದು. ಗಮನಿಸಬೇಕಾದದ್ದು ಇಷ್ಟೆ: ಅವಧಿ ಮುಗಿದ ಪುಸ್ತಕದ ಮರುವಿತರಣೆಗೂ ಹೊಸದಕ್ಕೂ ಮೂಲ ದರ ಒಂದೇ. ಹಳೆಯದನ್ನು ಮರೆಮಾಚಿದರೆ ಲಾಭವೇನೂ ಇಲ್ಲ.

ಈಚೆಗೆ ಬರುತ್ತಿರುವ ಇ-ಪಾಸ್‌ಪೋರ್ಟಿನ ಬಗೆಗೂ ಒಂದು ಮಾತು. 2024ರ ಏಪ್ರಿಲ್‌ನಲ್ಲಿ ಪ್ರಯೋಗವಾಗಿ ಮೊದಲಾದ ಇದರಲ್ಲಿ ಸಣ್ಣ ವಿದ್ಯುನ್ಮಾನ ಚಿಪ್ಪೊಂದು ಅಡಗಿದೆ. ಮುಖಪುಟದ ಮೇಲೆ ಚಿನ್ನದ ಬಣ್ಣದ ಪುಟ್ಟ ಗುರುತಿದೆ. ಇದಕ್ಕಾಗಿ ಈಗಿರುವ ಪುಸ್ತಕವನ್ನು ಅವಸರವಾಗಿ ಬದಲಿಸಬೇಕಾಗಿಲ್ಲ. ಅದು ತನ್ನ ಅವಧಿ ಮುಗಿಯುವ ತನಕ ಸಲ್ಲುತ್ತದೆ.

ಮತ್ತೆ ನಮ್ಮ ಮೇಷ್ಟ್ರ ಮನೆಗೆ ಹೋಗೋಣ. ಅವರದು ಬೇಗನೆ ಬಂತು. ಪತ್ನಿಯವರ ಹಳೆಯ ಪುಸ್ತಕ ಮೂರು ದಿನದ ಹುಡುಕಾಟದ ಮೇಲೆ ಅಟ್ಟದ ಟ್ರಂಕಿನಲ್ಲಿ, ವಿಮೆಯ ರಸೀದಿಗಳ ನಡುವೆ ಸಿಕ್ಕಿತು. ಅರ್ಜಿ ಮತ್ತೆ ಹಾಕಿದರು. ಮತ್ತೆ ದಿನ ಗೊತ್ತಾಯಿತು. ಪೊಲೀಸ್ ವಿಚಾರಣೆಯೂ ಆಯಿತು. ಅವರು ಸಿಂಗಪುರದಲ್ಲಿ ಇಳಿದಾಗ ಮೊಮ್ಮಗಳು ಹುಟ್ಟಿ ಹದಿನೆಂಟು ದಿನವಾಗಿತ್ತು. "ಮಗಳು ಆಸ್ಪತ್ರೆಯಲ್ಲಿ ಅಮ್ಮಾ ಎಂದಾಗ ನಾನಿಲ್ಲಿ ಟ್ರಂಕು ಹುಡುಕುತ್ತಿದ್ದೆ" ಎಂದು ಆಕೆ ಈಗಲೂ ಹೇಳುತ್ತಾರೆ. ಯಾರ ಮೇಲೂ ದೂರಿಲ್ಲ. ಕೇಳಿದವರಿಗೆ ಬುದ್ಧಿಯಾಗಲೆಂದು ಹೇಳುತ್ತಾರೆ.

ಆದ್ದರಿಂದ ಇಂದು ಸಂಜೆ ಕೆಲಸ ಮುಗಿದ ಮೇಲೆ, ಮನೆಯ ಬೀರುವನ್ನು ತೆರೆದು, ಮನೆಯವರೆಲ್ಲರ ಪಾಸ್‌ಪೋರ್ಟುಗಳನ್ನೂ ಮೇಜಿನ ಮೇಲಿಟ್ಟು ತಾರೀಖು ನೋಡಿ. ಮಕ್ಕಳದನ್ನು ಮೊದಲು ನೋಡಿ. ಒಂದು ವರ್ಷದೊಳಗೆ ಮುಗಿಯುವುದಿದ್ದರೆ ಮರುವಿತರಣೆಗೆ ಅರ್ಜಿ ಹಾಕಿ. ಪಾಸ್‌ಪೋರ್ಟೇ ಇಲ್ಲವೆನ್ನುವವರನ್ನು, "ನಿಜವಾಗಿಯೂ ಎಂದೂ ಇರಲಿಲ್ಲವೆ?" ಎಂದು ಇನ್ನೊಮ್ಮೆ ಕೇಳಿ. ಆ ಒಂದು ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದರೆ, ಉಳಿದ ದಾರಿ ತಾನಾಗಿ ತೆರೆಯುತ್ತದೆ.